ಆರೋಗ್ಯವಂತರಿಗೆ ಮಾತ್ರ ಆಮ್ಲಜನಕ

ವೈದ್ಯಕೀಯ ಅನಿಲಗಳ ಸುರಕ್ಷಿತ ಬಳಕೆಯಲ್ಲಿ ಕೆಂಚನಕಟ್ಟೆಯ ಸರ್ಕಾರಿ ಆಸ್ಪತ್ರೆಯನ್ನು ಮೀರಿಸಿದ ಆಸ್ಪತ್ರೆ ಆ ಸೀಮೆಯಲ್ಲಿ ಇರಲಿಲ್ಲ. ಅಲ್ಲಿನ ಆಮ್ಲಜನಕದ ಸಿಲಿಂಡರಿನಿಂದ ಉಸಿರೆಳೆದುಕೊಂಡವರಲ್ಲಿ ಒಬ್ಬರನ್ನು ಬಿಟ್ಟರೆ ಯಾರೂ ಸತ್ತಿಲ್ಲ. ಆ ಒಬ್ಬರೂ ನಿಯಮ ಜಾರಿಗೆ ಬರುವ ಮೊದಲೇ ಆತುರಪಟ್ಟು ಸತ್ತವರಾದ್ದರಿಂದ ಅವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇದನ್ನು ಹೇಗೆ ಸಾಧಿಸಿದರೆಂದು ತಿಳಿಯಲು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ವೈದ್ಯಾಧಿಕಾರಿಗಳು ಬಸ್ಸು ಹತ್ತಿ ಬಂದು, ನೋಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ತಲೆದೂಗಿ ಹೋದದ್ದುಂಟು.

ಸಿಲಿಂಡರ್ ಬಂದದ್ದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ತರಿಸಿದವರು ಡಾಕ್ಟರ್ ತಿಪ್ಪೇರುದ್ರಸ್ವಾಮಿ. ಜಗಳೂರು ಕಡೆಯವರು. ತೆಳ್ಳಗಿನ ಆಳು, ಮೆತ್ತನೆಯ ಮಾತು, ಮೇಲಿನ ಕಚೇರಿಯಿಂದ ಕಾಗದ ಬಂದರೆ ಒಡೆಯುವ ಮೊದಲೇ ಎದ್ದು ನಿಲ್ಲುವ ಸ್ವಭಾವ. ಅವರ ಕೈಗುಣ ಒಳ್ಳೆಯದೆಂದು ಸುತ್ತಲ ಹಳ್ಳಿಗಳಲ್ಲಿ ಮಾತಿತ್ತು. ಬಸವಾಪಟ್ಟಣದಲ್ಲಿ ದೊಡ್ಡ ಡಾಕ್ಟರಿದ್ದರೂ ಜನ ಅವರನ್ನು ದಾಟಿಕೊಂಡು ಇಲ್ಲಿಗೆ ಬರುತ್ತಿದ್ದರು.

ಅವರು ಸಿಲಿಂಡರಿಗಾಗಿ ಮೇಲಿನವರಿಗೆ ಮೇಲಿಂದ ಮೇಲೆ ಬರೆದುಕೊಳ್ಳಲು ಕಾರಣ ಆಸ್ಪತ್ರೆಯ ಆಯಾ ದುರುಗಮ್ಮ. ಆಕೆಯೂ ಜಗಳೂರು ಕಡೆಯವಳೇ. ಗಂಡ ಸತ್ತ ಮೇಲೆ ಇಲ್ಲಿಗೆ ಬಂದು ಕಸ ಗುಡಿಸುವುದು, ಸೂಜಿ ಕುದಿಸುವುದು, ಹೆರಿಗೆಗೆ ಬಂದವರ ಕೈ ಹಿಡಿದು ಧೈರ್ಯ ಹೇಳುವುದು ಎಲ್ಲ ಮಾಡಿಕೊಂಡಿದ್ದಳು. ಊರವರಿಗೆಲ್ಲ ಡಾಕ್ಟರು ಸಾಹೇಬರಾದರೆ ಆಕೆಗೊಬ್ಬಳಿಗೆ ‘ಅಪ್ಪಾ’. ಚಳಿ ಬಿತ್ತೆಂದರೆ ಆಕೆಗೆ ದಮ್ಮು. ಇಂಜಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತಿತ್ತು. ಇಳಿಯದ ದಿನ ಆಕೆ ಗೋಡೆಗೆ ಒರಗಿ ಕೂತು, ತುಟಿ ನೀಲಿಯಾಗಿ, ಕಣ್ಣು ಮೇಲೆ ಮಾಡಿಕೊಂಡು ಗಾಳಿಗೆ ಬಾಯಿ ಬಿಡುವಾಗ ಡಾಕ್ಟರು ಕೊರಳಲ್ಲಿ ಸ್ಟೆತಾಸ್ಕೋಪು ತೂಗಿಕೊಂಡು ಸುಮ್ಮನೆ ನಿಂತಿರಬೇಕಾಗುತ್ತಿತ್ತು. ಅಂಥ ಒಂದು ದಿನ ಆಕೆ ಸಾವರಿಸಿಕೊಂಡ ಮೇಲೆ ಅವರು ಹೇಳಿದ್ದರು:

“ನಿನಗೆ ಗಾಳಿ ತರಿಸಿಕೊಡ್ತೀನಿ ಕಣಮ್ಮ. ಮುಂದಿನ ಚಳಿಗೆ ಹಿಂಗಾಗಾಕೆ ಬಿಡಲ್ಲ.”

“ಊರ ತುಂಬಾ ಗಾಳಿ ಐತೆ ಕಣಪ್ಪಾ, ನನ್ನೊಳಗೇ ಹೋಗಲ್ಲ,” ಎಂದು ದುರುಗಮ್ಮ ನಕ್ಕಿದ್ದಳು.

ಹೀಗೆ ಬಂದ ಸಿಲಿಂಡರು ಮೈಯೆಲ್ಲ ಕಪ್ಪು, ಭುಜ ಮಾತ್ರ ಬಿಳಿ. ಜೊತೆಗೆ ಗುಳುಗುಳು ಅನ್ನುವ ಒಂದು ನೀರಿನ ಬಾಟಲಿ, ಒಂದು ರಬ್ಬರು ಕೊಳವೆ, ಮೂಗು ಬಾಯಿ ಮುಚ್ಚುವ ಒಂದು ಮಾಸ್ಕು. ಇದನ್ನು ಮೊದಲು ಹಚ್ಚಿದ್ದು ಪಕ್ಕದ ಹಳ್ಳಿಯ ಗಿಡ್ಡಪ್ಪನವರಿಗೆ. ಮನೆಯವರು ಅವರಿಗೆ ನಾಟಿ ಔಷಧಿ ಕುಡಿಸಿ, ಅಂತ್ರ ಕಟ್ಟಿಸಿ, ದೇವರ ಹೂ ಕೇಳಿ, ಎಲ್ಲ ಬಗೆಯ ಪ್ರಯತ್ನವೂ ಮುಗಿದು ಇನ್ನೇನೂ ಉಳಿದಿಲ್ಲ ಅನ್ನುವಾಗ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು. ಡಾಕ್ಟರು ಅವಸರದಲ್ಲಿ ಮಾಸ್ಕು ಇಟ್ಟರು. ಗಿಡ್ಡಪ್ಪ ಕಣ್ಣು ಬಿಟ್ಟರು, ಮೂಗಿನ ಮೇಲಿದ್ದುದನ್ನು ನೋಡಿದರು, ಕಣ್ಣು ಮುಚ್ಚಿದರು. ಮತ್ತೆ ತೆರೆಯಲಿಲ್ಲ.

“ಇದನ್ನ ಹಚ್ಚೋಕ್ಕಿಂತ ಮುಂಚೆ ನಮ್ಮಪ್ಪ ಉಸಿರಾಡ್ತಾ ಇದ್ದ,” ಎಂದ ಅವರ ಮಗ. ಇದು ನಿಜವೇ ಆಗಿತ್ತು.

ಸುದ್ದಿ ಸೂಳೆಕೆರೆಯ ಏರಿ ದಾಟಿ ಹೋಯಿತು. ಕೆಲವು ದಿನ ಕಳೆದು ಲಕ್ಷ್ಮಮ್ಮ ಎಂಬಾಕೆಯನ್ನು ಎದೆಯಲ್ಲಿ ಕಫ ಕಟ್ಟಿದೆಯೆಂದು ಕರೆತಂದಾಗ, ಮೂಲೆಯಿಂದ ಸಿಲಿಂಡರ್ ಉರುಳಿಸಿಕೊಂಡು ಬರುವ ಸದ್ದು ಕೇಳಿದ್ದೇ ತಡ, ಆಕೆಯ ತಮ್ಮ ವಿಭೂತಿ ತರಲು ಮಠಕ್ಕೆ ಓಡಿದ. ಭಾವ ಹೊನ್ನಾಳಿಯ ನೆಂಟರಿಗೆ ಸುದ್ದಿ ಮುಟ್ಟಿಸಲು ಬಸ್ ಸ್ಟ್ಯಾಂಡಿಗೆ ಓಡಿದ. ಮಗಳು ಗೋಳೋ ಎಂದು ಅಳಲು ಕೂತಳು. ಎದ್ದು ಕೂರಲೂ ಆಗದಿದ್ದ ಲಕ್ಷ್ಮಮ್ಮ ಮಂಚದಿಂದ ಇಳಿದು, ಸೆರಗು ಸರಿಮಾಡಿಕೊಂಡು, ನಡೆದೇ ಹುಣಸೆಮರದ ಕೆಳಗೆ ಹೋಗಿ ಕೂತಳು. ಸಿಲಿಂಡರಿನಿಂದ ರೋಗಿಗಳಿಗೆ ಗುಣ ಕಂಡದ್ದು ಅದೇ ಮೊದಲು.

ವಿಷಯ ಆಸ್ಪತ್ರೆಯ ಸಲಹಾ ಸಮಿತಿಯ ಮುಂದೆ ಬಂತು. ಸಮಿತಿಯ ಅಧ್ಯಕ್ಷರು ಅಡಿಕೆ ಮಂಡಿಯ ಬಂಗಾರಪ್ಪ. ಭಾರಿ ಮೈಕಟ್ಟು, ಬಿಳಿ ಧೋತ್ರ, ನೆತ್ತಿಯ ಮೇಲೆ ಸದಾ ಹರಳೆಣ್ಣೆಯ ಮಿಂಚು. ಎಲ್ಲವನ್ನೂ ಅವರು ವ್ಯಾಪಾರದ ಕಣ್ಣಿನಿಂದ ನೋಡುವವರಾದ್ದರಿಂದ ತಪ್ಪು ಎಲ್ಲಾಗಿದೆಯೆಂದು ತಕ್ಷಣ ಗೊತ್ತಾಯಿತು.

“ಡಾಕ್ಟ್ರೇ, ನಿಮ್ಮ ಕೈಗುಣದಾಗೆ ಏನೂ ದೋಷ ಇಲ್ಲ. ಬೋಣಿ ಸರಿಯಾಗಿಲ್ಲ. ಬೆಳಿಗ್ಗೆ ಮೊದಲ್ನೇ ಗಿರಾಕಿ ಬರಿಗೈಲಿ ಎದ್ದು ಹೋದ್ರೆ ಆವತ್ತೆಲ್ಲ ಮಂಡಿ ವ್ಯಾಪಾರ ಕುಂತು ಬಿಡ್ತೈತೆ. ನಿಮ್ಮ ಮೊದಲ್ನೇ ಗಿರಾಕಿ ಲೋಕಾನೇ ಬಿಟ್ಟು ಎದ್ದು ಹೋದ.”

“ಏನು ಮಾಡಾನ ಅಂತೀರಿ?”

“ಬೋಣಿ ಇನ್ನೊಂದ್ಸಲ ಮಾಡಾನ. ಸಾಯೋ ಮಾತೇ ಇಲ್ಲ ಅನ್ನಂಥ ಗಟ್ಟಿ ಕುಳಕ್ಕೆ ಮೊದಲು ಹಚ್ಚಿ.”

“ಅಂಥೋರು ಯಾರದಾರೆ?”

ಬಂಗಾರಪ್ಪ ಸಂಕೋಚದಿಂದ ನೆಲ ನೋಡಿದರು.

ಡಾಕ್ಟರು ಒಪ್ಪುತ್ತಿದ್ದರೋ ಇಲ್ಲವೋ ಹೇಳಲಾಗದು. ಆದರೆ ಅದೇ ವಾರ ಮೇಲಿನಿಂದ ಒಂದು ಸುತ್ತೋಲೆ ಬಂತು. ಡಾಕ್ಟರು ಎದ್ದು ನಿಂತು ಓದಿದರು:

‘ವೈದ್ಯಕೀಯ ಅನಿಲಗಳನ್ನು ಸುರಕ್ಷಿತವಾಗಿ ಬಳಸತಕ್ಕದ್ದು. ಸಿಲಿಂಡರಿನ ಬಳಿ ಬೆಂಕಿ, ಬೀಡಿ, ದೀಪ ಕೂಡದು. ಎಣ್ಣೆ ತಾಗಿದ ಕೈಯಿಂದ ಮುಟ್ಟಕೂಡದು. ಬೀಳದಂತೆ ಗೋಡೆಗೆ ಸರಪಳಿ ಹಾಕಿ ನಿಲ್ಲಿಸತಕ್ಕದ್ದು. ಅನಿಲವನ್ನು ಪಡೆಯುತ್ತಿರುವಾಗ ಯಾವನೇ ವ್ಯಕ್ತಿಯು ಮೃತಪಟ್ಟಲ್ಲಿ ಅದನ್ನು ಅಸುರಕ್ಷಿತ ಬಳಕೆಯೆಂದು ಪರಿಗಣಿಸಿ ವೈದ್ಯಾಧಿಕಾರಿಯ ಮೇಲೆ ಕ್ರಮ ಜರುಗಿಸಲಾಗುವುದು. ಅನಿಲವನ್ನು ಪಡೆಯದೆ ಮೃತಪಟ್ಟವರ ವಿಷಯವು ಈ ಸುತ್ತೋಲೆಯ ವ್ಯಾಪ್ತಿಗೆ ಒಳಪಡುವುದಿಲ್ಲ.’

ಮೊದಲಿನ ಮಾತುಗಳೆಲ್ಲ ಸರಿಯಾಗಿಯೇ ಇದ್ದವು. ಶುದ್ಧ ಆಮ್ಲಜನಕಕ್ಕೆ ಎಣ್ಣೆ ಸೋಕಿದರೆ ಹೊತ್ತಿಕೊಳ್ಳುವ ಅಪಾಯವಿದೆಯೆಂದು ಡಾಕ್ಟರಿಗೆ ಗೊತ್ತಿತ್ತು. ಕೊನೆಯ ಮಾತುಗಳನ್ನು ಅವರು ಮತ್ತೊಮ್ಮೆ ಓದಿದರು. ಆಮೇಲೆ ಬಂಗಾರಪ್ಪನವರಿಗೆ ಹೇಳಿ ಕಳಿಸಿದರು. ಜನರ ಹೆದರಿಕೆ ಹೋಗಲಿ, ಆಮೇಲೆ ರೋಗಿಗಳಿಗೆ ಹಚ್ಚಿದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಚಳಿಗಾಲ ಇನ್ನೂ ದೂರವಿತ್ತು.

ಎರಡನೆಯ ಬೋಣಿಗೆ ಸೋಮವಾರ ನಿಗದಿಯಾಯಿತು. ನಿಯಮದಂತೆ ಬಂಗಾರಪ್ಪ ಸೀಗೆಪುಡಿ ಹಾಕಿ ಎಣ್ಣೆಯ ಜಿಡ್ಡು ಹೋಗುವ ತನಕ ತಲೆ ತೊಳೆದುಕೊಂಡು ಬಂದರು. ಕರ್ಪೂರ ಹಚ್ಚಲು ತಟ್ಟೆ ಹಿಡಿದು ಬಂದಿದ್ದ ಮಠದ ಸ್ವಾಮಿಗಳನ್ನು ದುರುಗಮ್ಮ ಬಾಗಿಲಲ್ಲೇ ತಡೆದಳು. ಬಂಗಾರಪ್ಪನವರ ಬೀಡಿಯನ್ನು ಅವರ ಗುಮಾಸ್ತ ಆರದಂತೆ ಆಗಾಗ ಒಂದು ದಮ್ಮು ಎಳೆಯುತ್ತ ರಸ್ತೆಯಾಚೆ ಹಿಡಿದುಕೊಂಡು ನಿಂತ. ಬಂಗಾರಪ್ಪ ಮಂಚದ ಮೇಲೆ ಮಲಗಿದರು. ಬಾಟಲಿ ಗುಳುಗುಳು ಎಂದಿತು. ಕಿಟಕಿಯ ಹೊರಗೆ ಊರು ಉಸಿರು ಬಿಗಿಹಿಡಿದು ನಿಂತಿತ್ತು. ಕೊನೆಗೆ ಬಂಗಾರಪ್ಪ ಮಾಸ್ಕು ತೆಗೆದು ಎದ್ದು ಕೂತರು.

“ಹಸಿವಾಗ್ತೈತೆ,” ಎಂದರು.

ಸಾಯದೆ ಎದ್ದದ್ದಲ್ಲದೆ ಊಟವನ್ನೂ ಕೇಳಿದ್ದರಿಂದ ಸಿಲಿಂಡರಿನ ಮೇಲಿದ್ದ ಅಪವಾದ ಅಂದೇ ತೊಳೆದುಹೋಯಿತು. ಮುಂದಿನ ಸೋಮವಾರ ಅವರ ಹೆಂಡತಿ ಬಂಗಾರಮ್ಮ ಬಂದರು. ಅದರಾಚೆಯ ಸೋಮವಾರ ಸಮಿತಿಯ ಸದಸ್ಯರು, ಅವರ ಬೀಗರು. ಎಣ್ಣೆ ಮುಟ್ಟಬಾರದು, ದೀಪ ಹಚ್ಚಬಾರದು ಅನ್ನುವ ಸುರಕ್ಷತಾ ನಿಯಮಗಳು ಮನೆಮನೆಗೆ ಹೋಗಿ ವ್ರತವಾದವು. ಅನಿಲ ತೆಗೆದುಕೊಳ್ಳುವವರ ಮನೆಯಲ್ಲಿ ಆ ದಿನ ಒಗ್ಗರಣೆ ಇಲ್ಲ. ತಲೆಗೆ ನೀರು ಹಾಕಿಕೊಂಡ ಹೆಂಗಸರು ಮೈಲಿಗೆಯವರನ್ನು ಮುಟ್ಟದೆ ನೇರ ಆಸ್ಪತ್ರೆಗೆ ಬರುತ್ತಿದ್ದರು. ಮದುವೆ ನಿಶ್ಚಯವಾದ ಹುಡುಗನನ್ನು ಒಮ್ಮೆ ಕೂರಿಸಿ ಕರೆದುಕೊಂಡು ಹೋಗುವುದು ಒಳ್ಳೆಯ ಮನೆತನದ ಲಕ್ಷಣವಾಯಿತು. ಸಮಿತಿಯು ಗೋಡೆಯ ಮೇಲೆ ಬರೆಸಿತು: ‘ಆಮ್ಲಜನಕವನ್ನು ಆರೋಗ್ಯವಂತರಿಗೆ ಮಾತ್ರ ನೀಡಲಾಗುವುದು. ರೋಗಿಗಳು ಗುಣಮುಖರಾದ ನಂತರ ಬಂದು ಭೇಟಿಯಾಗತಕ್ಕದ್ದು.’

ಸಿಲಿಂಡರು ಖಾಲಿಯಾಗುತ್ತಿತ್ತು, ದಾವಣಗೆರೆಗೆ ಹೋಗಿ ತುಂಬಿಸಿಕೊಂಡು ಬರುತ್ತಿತ್ತು. ಬಳಕೆ ಇಷ್ಟು, ಅಪಾಯ ಸೊನ್ನೆ ಎಂಬ ವರದಿ ಮೇಲಿನ ಕಚೇರಿಯಲ್ಲಿ ಕೈಯಿಂದ ಕೈಗೆ ಓಡಾಡಿತು. ಇನ್ನು ರೋಗಿಗಳಿಗೂ ಹಚ್ಚುತ್ತೇನೆಂದು ಮುಂದಿನ ವಾರ ಹೇಳಿಬಿಡೋಣ ಎಂದು ಡಾಕ್ಟರು ಪ್ರತಿ ಸೋಮವಾರವೂ ಅಂದುಕೊಳ್ಳುತ್ತಿದ್ದರು. ಅವರಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾಗುತ್ತಿದ್ದರೂ ರಾತ್ರಿ ನಿದ್ದೆ ಬರುತ್ತಿತ್ತು, ಅದಕ್ಕಾಗಿ ಇನ್ನಷ್ಟು ನಾಚಿಕೆಯಾಗುತ್ತಿತ್ತು.

ಚಳಿ ಬಿತ್ತು. ಮೇಲಿನ ಕಚೇರಿಯಿಂದ ಅನಿಲ ಸುರಕ್ಷತಾ ಪರಿವೀಕ್ಷಕರಾದ ಪಂಚಾಕ್ಷರಪ್ಪನವರು ಬಂದಿದ್ದರು. ಸೋಮವಾರವೇ ಬಂದಿದ್ದರು. ಬಂಗಾರಮ್ಮ ಮಂಚದ ಮೇಲೆ ಮಾಸ್ಕು ಹಾಕಿಕೊಂಡು ಮಲಗಿದ್ದರು. ಪರಿವೀಕ್ಷಕರು ಸರಪಳಿಯನ್ನು ಎಳೆದು ನೋಡಿ ಮೆಚ್ಚುತ್ತಿರುವಾಗ ಬಾಗಿಲಲ್ಲಿ ಪೊರಕೆ ಬಿದ್ದ ಸದ್ದಾಯಿತು. ಹಿಂದೆಯೇ ದುರುಗಮ್ಮ ಕುಸಿದಳು.

ಡಾಕ್ಟರು ಓಡಿದರು. ಇಂಜಕ್ಷನ್ ಕೊಟ್ಟರು. ಕಾದರು. ಇಳಿಯಲಿಲ್ಲ. ಆಕೆಯ ತುಟಿ ನೇರಳೆ ಹಣ್ಣು ತಿಂದವರಂತೆ ನೀಲಿಯಾಗುತ್ತಾ ಬಂತು. ಡಾಕ್ಟರು ಮಂಚದ ಕಡೆ ತಿರುಗಿದರು.

“ಡಾಕ್ಟರೇ, ಒಂದು ನಿಮಿಷ,” ಎಂದರು ಪರಿವೀಕ್ಷಕರು. ಅವರು ಕೆಟ್ಟವರಲ್ಲ, ದನಿಯಲ್ಲಿ ಕಾಳಜಿ ಇತ್ತು. “ಈಕೆಗೆ ಆರೋಗ್ಯ ಸರಿಯಾಗಿದೆಯೇ?”

ಡಾಕ್ಟರು ಮಂಚದ ಕಡೆ ಒಂದು ಹೆಜ್ಜೆ ಇಟ್ಟರು.

“ಸರಿಯಿಲ್ಲದಿದ್ದರೆ ಕೊಡುವಂತಿಲ್ಲ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಇಷ್ಟು ಚೊಕ್ಕಟವಾದ ವರದಿ ಇನ್ನಾವ ಆಸ್ಪತ್ರೆಯಲ್ಲೂ ಇಲ್ಲ.”

ಡಾಕ್ಟರು ನೆಲದ ಮೇಲೆ ಮಂಡಿಯೂರಿದರು. ದುರುಗಮ್ಮನ ಭುಜ ಹಿಡಿದು, ಜೀವಮಾನದಲ್ಲಿ ಎಂದೂ ಎತ್ತದ ದನಿಯಲ್ಲಿ ಕೇಳಿದರು:

“ದುರುಗಮ್ಮಾ, ಹೆಂಗಿದ್ದೀಯಮ್ಮ? ಹೇಳು, ಹೆಂಗಿದ್ದೀಯ?”

ದುರುಗಮ್ಮ ಅವರ ಮುಖ ನೋಡಿದಳು. ಮಾಸ್ಕು ಹಚ್ಚುವ ಮುಂಚೆ ಡಾಕ್ಟರು ಕೇಳುತ್ತಿದ್ದ ಈ ಪ್ರಶ್ನೆಗೆ ಸೋಮವಾರದವರು ಕೊಡುತ್ತಿದ್ದ ಉತ್ತರವನ್ನು ಆಕೆ ನೆಲ ಒರೆಸುತ್ತ ಕೇಳುತ್ತಲೇ ಇದ್ದಳು.

“ಚೆನ್ನಾಗಿ... ಇದ್ದೀ... ನಪ್ಪಾ,” ಎಂದಳು.

“ಕೇಳಿದ್ರಾ ಸಾರ್?”

“ಕೇಳಿದೆ,” ಎಂದರು ಪರಿವೀಕ್ಷಕರು. “ಸ್ಪಷ್ಟವಾಗಿಯೇ ಹೇಳಿದರು. ಇನ್ನು ಅಭ್ಯಂತರವಿಲ್ಲ.”

ಅಷ್ಟರಲ್ಲಿ ಬಂಗಾರಮ್ಮ ಮಾಸ್ಕು ಕಿತ್ತು ಮಂಚದಿಂದ ಇಳಿದಿದ್ದರು. “ನಂದು ಆತು, ಮೊದಲು ಆಕೆಗೆ ಹಚ್ರೀ,” ಎಂದು ತಾವೇ ದುರುಗಮ್ಮನ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಮಡಿಯ ನೆನಪು ಅವರಿಗೂ ಆಗಲಿಲ್ಲ, ಯಾರೂ ಮಾಡಲೂ ಇಲ್ಲ. ಬಾಟಲಿ ಗುಳುಗುಳು ಎನ್ನುತ್ತಾ ಹೋಯಿತು. ಮಧ್ಯಾಹ್ನದ ಹೊತ್ತಿಗೆ ದುರುಗಮ್ಮನ ತುಟಿಗೆ ಬಣ್ಣ ಬಂತು. ಡಾಕ್ಟರು ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು.

ಪರಿವೀಕ್ಷಕರು ಊಟ ಮಾಡಿ ಹೊರಡುವ ಮುಂಚೆ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದರು: ‘ಅನಿಲ ಬೇಕಾದವರು ತಾವು ಆರೋಗ್ಯವಾಗಿರುವುದಾಗಿ ಸ್ವಂತ ಬಾಯಿಂದ ಹೇಳತಕ್ಕದ್ದು.’

ಡಾಕ್ಟರಿಗೆ ಬೇಕಾಗಿದ್ದುದು ಇಷ್ಟೇ. ಆ ಚಳಿಗಾಲವೆಲ್ಲ ಕೆಂಚನಕಟ್ಟೆ ಆಸ್ಪತ್ರೆಗೆ ಆರೋಗ್ಯವಂತರು ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ಬಂದರು. ಕತ್ತಲಗೆರೆಯ ಕಡೆಯಿಂದ ಕಂಬಳಿಯಲ್ಲಿ ಹೊರಿಸಿಕೊಂಡು ಬಂದರು. ದುರುಗಮ್ಮ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರಿಗೂ ಪಾಠ ಹೇಳಿಕೊಡುತ್ತಿದ್ದಳು. “ಎದೆ ಹಿಡ್ಕಂಡೈತೆ ಅನ್ನಬ್ಯಾಡ್ರೀ ಯಣ್ಣಾ. ದಮ್ಮು ಅನ್ನಬ್ಯಾಡ್ರಿ. ಹೆಂಗಿದ್ದೀಯ ಅಂದ ಕೂಡ್ಲೆ ಚೆನ್ನಾಗಿದ್ದೀನಿ ಅನ್ರಿ. ಅಷ್ಟಂದ್ರೆ ನಮ್ಮಪ್ಪ ಹಚ್ತಾರೆ.” ಸೂಳೆಕೆರೆಯಲ್ಲಿ ಮೀನು ಹಿಡಿಯುವ ರಂಗಣ್ಣ, ನೀರು ಕುಡಿದು ಹೆಣದಂತಾಗಿ ಬಂದವನು, ಕಣ್ಣು ಬಿಡುವ ಮೊದಲೇ “ಆರಾಮಿದ್ದೀನಿ” ಎಂದು ಕೈಮುಗಿದ. ಅವನು ಬದುಕಿಕೊಂಡ. ಎಷ್ಟೋ ಜನ ಬದುಕಿಕೊಂಡರು. ಡಾಕ್ಟರಿಗೆ ತಮ್ಮ ಸೇವಾವಧಿಯಲ್ಲೇ ಅಷ್ಟು ಸಂತೋಷದ ದಿನಗಳು ಬಂದಿರಲಿಲ್ಲ.

ಮೇಲಿನ ಕಚೇರಿಯೂ ಸಂತೋಷಪಟ್ಟಿತು. ಇಷ್ಟು ಜನ ಆಸ್ಪತ್ರೆಗೆ ಬಂದರೂ ಅವರಲ್ಲಿ ಒಬ್ಬನಿಗೂ ಕಾಯಿಲೆ ಇಲ್ಲವೆಂಬುದನ್ನು ಅವರು ಗಮನಿಸಿದರು. ಗಮನಿಸಿ ಚರ್ಚಿಸಿದರು. ಕಾಯಿಲೆಯೇ ಇಲ್ಲದ ಊರಿಗೆ ಆಮ್ಲಜನಕವೇಕೆಂಬ ಪ್ರಶ್ನೆ ಸಹಜವಾಗಿ ಎದ್ದಿತು. ರೋಗಿಗಳು ಹೆಚ್ಚಿರುವ ಬೇರೊಂದು ಕಡೆಗೆ ಸಿಲಿಂಡರನ್ನು ಕಳಿಸುವುದೆಂದೂ, ಅಲ್ಲಿ ಅದನ್ನು ನಿಯಮದಂತೆ ರೋಗಿಗಳಿಂದ ದೂರವಿಟ್ಟು ಕಾಪಾಡುವುದೆಂದೂ, ಕೆಂಚನಕಟ್ಟೆಗೆ ಬಹುಮಾನ ಕೊಡುವುದೆಂದೂ ತೀರ್ಮಾನವಾಯಿತು.

ಬಹುಮಾನದ ದಿನ ಆಸ್ಪತ್ರೆಯ ಮುಂದೆ ಶಾಮಿಯಾನ ಹಾಕಿದ್ದರು. ಲಾರಿ ಬಂದು ನಿಂತಿತ್ತು. ಬಂಗಾರಪ್ಪ ಸಿಲಿಂಡರಿಗೆ ಅಡಿಕೆ ಹಿಂಗಾರದ ಹಾರ ಹಾಕಿ, ತವರಿನಿಂದ ಮಗಳನ್ನು ಕಳಿಸಿಕೊಡುವಾಗಿನಂತೆ ಕಣ್ಣೊರೆಸಿಕೊಂಡರು. ಶಾಲು ಹೊದಿಸಿಕೊಂಡ ಡಾಕ್ಟರು ಕುರ್ಚಿಯಿಂದ ಎದ್ದರು.

“ಸಾರ್, ಇದನ್ನ ತಗೊಂಡು ಹೋಗಬೇಡಿ. ಇಲ್ಲಿ ರೋಗಿಗಳಿದ್ದಾರೆ.”

ಪಂಚಾಕ್ಷರಪ್ಪನವರು ನೊಂದುಕೊಂಡವರಂತೆ ಅವರನ್ನು ನೋಡಿದರು. “ಡಾಕ್ಟರೇ, ಇಷ್ಟು ದಿನ ಇಲ್ಲ ಎಂದು ಬರೆದವರು ನೀವೇ. ಇರಲಿ, ನಿಮ್ಮ ಮಾತು ಯಾಕೆ, ನನ್ನ ಮಾತು ಯಾಕೆ. ಜನರನ್ನೇ ಕೇಳಿಬಿಡೋಣ.” ಅವರು ಮೈಕಿನ ಮುಂದೆ ಬಂದರು. “ಮಹಾಜನರೇ, ನೀವೆಲ್ಲ ಹೇಗಿದ್ದೀರಿ?”

ಗಾಳಿ ಕೊಡುವ ಮುಂಚಿನ ಪ್ರಶ್ನೆ ಅದು. ತಪ್ಪಾಗಿ ಹೇಳಿದರೆ ಏನಾಗುತ್ತದೆಂದು ಅಲ್ಲಿ ಕೂತಿದ್ದ ಕೆಮ್ಮುವವರಿಗೆ, ಏದುವವರಿಗೆ, ಗೋಡೆ ಹಿಡಿದು ನಡೆಯುವವರಿಗೆ ಎಲ್ಲರಿಗೂ ಗೊತ್ತಿತ್ತು.

“ಚೆನ್ನಾಗಿದ್ದೀವಿ!” ಎಂದು ಶಾಮಿಯಾನ ಹಾರುವಂತೆ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ದುರುಗಮ್ಮ. ಕೂಗಿ, ತನ್ನ ಡಾಕ್ಟರಪ್ಪನಿಗೆ ಸಹಾಯವಾಯಿತೆಂದು ವೇದಿಕೆಯ ಕಡೆ ನೋಡಿ ನಕ್ಕಳು.

ಲಾರಿ ಹೊರಟಿತು.

ಮರುವರ್ಷ ಚಳಿ ಬೇಗ ಬಿತ್ತು. ಒಂದು ಬೆಳಿಗ್ಗೆ ದುರುಗಮ್ಮ ಕಸ ಗುಡಿಸುತ್ತಿದ್ದವಳು ಅಲ್ಲೇ ಕೂತುಬಿಟ್ಟಳು. ಡಾಕ್ಟರು ಇಂಜಕ್ಷನ್ ಕೊಟ್ಟರು. ಇನ್ನೊಂದು ಕೊಟ್ಟರು. ಆಕೆಯ ಬೆನ್ನನ್ನು ತಮ್ಮ ಎದೆಗೆ ಒರಗಿಸಿಕೊಂಡು ಕೂತರು. ದಾವಣಗೆರೆಗೆ ಕರೆದೊಯ್ಯಲು ಬಂಗಾರಪ್ಪ ತಮ್ಮ ಕಾರು ಕಳಿಸಿದ್ದರು. ಅದು ಬರುವ ಸದ್ದು ಇನ್ನೂ ಕೇಳುತ್ತಿರಲಿಲ್ಲ. ಏನು ಮಾಡಲೂ ತೋಚದೆ ಡಾಕ್ಟರು, ಬಾಯಿಗೆ ರೂಢಿಯಾದ ಮಾತನ್ನೇ ಕೇಳಿದರು.

“ಹೆಂಗಿದ್ದೀಯಮ್ಮ?”

“ಚೆನ್ನಾಗಿದ್ದೀ... ನಪ್ಪಾ,” ಎಂದಳು ದುರುಗಮ್ಮ. ಸ್ವಲ್ಪ ಹೊತ್ತು ಕಾದಳು. “ಹೇಳಿದ್ನಲ್ಲಪ್ಪಾ... ಹಚ್ಚು.”

ಡಾಕ್ಟರು ಆಕೆಯ ಮುಖದ ಮೇಲೆ ಕೈ ಇಟ್ಟರು. ಅವರ ಹತ್ತಿರ ಇದ್ದುದು ಅದೊಂದೇ. ಕಾರು ಬಂದಾಗ ದುರುಗಮ್ಮ ಇರಲಿಲ್ಲ.

ಅದೇ ವಾರ ಸಲಹಾ ಸಮಿತಿ ಸಂತಾಪ ಸಭೆ ನಡೆಸಿತು. ಬಂಗಾರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬಂಗಾರಪ್ಪ ಮಾತಾಡಿದರು: ಮಲಗಲಿಲ್ಲ, ನರಳಲಿಲ್ಲ, ಯಾರಿಗೂ ಭಾರವಾಗಲಿಲ್ಲ, ಪುಣ್ಯವಂತೆ, ಆರೋಗ್ಯವಾಗಿರುವಾಗಲೇ ಹೋಗಿಬಿಟ್ಟಳು. ಮೇಲಿನ ಕಚೇರಿಯಿಂದಲೂ ಒಂದು ಕಾಗದ ಬಂದಿತ್ತು. ಮೃತರು ಅನಿಲವನ್ನು ಪಡೆಯದೆ ಮೃತಪಟ್ಟಿರುವುದರಿಂದ ಇದರಲ್ಲಿ ಯಾರ ತಪ್ಪೂ ಇಲ್ಲವೆಂದೂ, ಸುರಕ್ಷತೆಗೆ ಯಾವ ಧಕ್ಕೆಯೂ ಆಗಿಲ್ಲವೆಂದೂ ಅದರಲ್ಲಿ ಬರೆದಿತ್ತು. ಸಭೆ ಸಮಾಧಾನದಿಂದ ತಲೆದೂಗಿತು.

“ಕೊನೇ ಗಳಿಗೇಲಿ ಹತ್ತಿರ ಇದ್ದೋರು ನೀವೇ ಅಲ್ವರಾ ಡಾಕ್ಟ್ರೇ,” ಎಂದರು ಬಂಗಾರಪ್ಪ. “ಹೆಂಗಿದ್ಳು?”

ಡಾಕ್ಟರು ಎದ್ದು ನಿಂತರು. ಎಲ್ಲರೂ ಅವರ ಕಡೆ ತಿರುಗಿದರು.

“ಚೆನ್ನಾಗಿದ್ದೀನಿ ಅಂದ್ಳು,” ಎಂದರು ಡಾಕ್ಟರು, ಮತ್ತು ಕೂತುಕೊಂಡರು.